ಕೆಲಸದ ಸುರಕ್ಷತಾ ಸಂಹಿತೆ ಮತ್ತು ಕಾರ್ಮಿಕ ಸಂಘಗಳ ಕಾನೂನು ತಿಳಿವಳಿಕೆ: ಮೈಸೂರು

ವೃತ್ತಿ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ, 2020 ಎಂಬುದು ದುಡಿಯುವವರ ಜೀವರಕ್ಷಣೆ, ಆರೋಗ್ಯ, ಕೆಲಸದ ಅವಧಿ ಮತ್ತು ಸೌಕರ್ಯಗಳನ್ನು ಕುರಿತ ಕೇಂದ್ರ ಕಾನೂನು. ಇದಕ್ಕೆ ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು 2020ರ ಸೆಪ್ಟೆಂಬರ್ 28ರಂದು. ಜಾರಿಗೆ ಬಂದದ್ದು ಐದು ವರ್ಷ ಕಳೆದ ಮೇಲೆ, 2025ರ ನವೆಂಬರ್ 21ರಂದು. ವೇತನ, ಕೈಗಾರಿಕಾ ಸಂಬಂಧ ಮತ್ತು ಸಾಮಾಜಿಕ ಭದ್ರತೆಯ ಸಂಹಿತೆಗಳೂ ಅಂದೇ ಜಾರಿಯಾದವು. 1948ರ ಕಾರ್ಖಾನೆಗಳ ಕಾಯಿದೆ, 1966ರ ಬೀಡಿ ಕಾರ್ಮಿಕರ ಕಾಯಿದೆ, 1970ರ ಗುತ್ತಿಗೆ ಕಾರ್ಮಿಕರ ಕಾಯಿದೆ, 1996ರ ಕಟ್ಟಡ ಕಾರ್ಮಿಕರ ಕಾಯಿದೆ ಸೇರಿ ಒಟ್ಟು 13 ಕಾಯಿದೆಗಳ ಜಾಗಕ್ಕೆ ಈ ಸಂಹಿತೆ ಬಂದಿದೆ. ಹಳೆಯ ಕಾಯಿದೆಯ ಕಲಮುಗಳನ್ನು ಬಾಯಿಪಾಠ ಮಾಡಿಕೊಂಡಿದ್ದ ಯೂನಿಯನ್ ಪದಾಧಿಕಾರಿಗಳೂ ಈಗ ಮೊದಲಿನಿಂದ ಓದಿ ಸದಸ್ಯರಿಗೆ ತಿಳಿಹೇಳಬೇಕಾಗಿದೆ. ಈ ಲೇಖನದ ವಿಷಯ ಆ ತಿಳಿವಳಿಕೆಯ ಕೆಲಸ.

 ಈ ತಿಳಿವಳಿಕೆ ಬೇಕಾದ ದುಡಿಮೆಯ ಮೈಸೂರು ಊರಿನ ಹಲವು ಕಡೆ ಹರಡಿದೆ. ಅಶೋಕಪುರಂನಲ್ಲಿ ರೈಲ್ವೆ ವರ್ಕ್‌ಶಾಪ್ ಇದೆ. ಮಾನಂದವಾಡಿ ರಸ್ತೆಯಲ್ಲಿ 1912ರಲ್ಲಿ ಸ್ಥಾಪನೆಯಾದ ಸರ್ಕಾರಿ ರೇಷ್ಮೆ ನೇಯ್ಗೆ ಕಾರ್ಖಾನೆ ಇದೆ. ಊರಿನ ಇನ್ನೊಂದು ಅಂಚಿನಲ್ಲಿ ಮೇಟಗಳ್ಳಿ, ಹೆಬ್ಬಾಳ, ಹೂಟಗಳ್ಳಿ ಕೈಗಾರಿಕಾ ಪ್ರದೇಶಗಳು, ದಕ್ಷಿಣಕ್ಕೆ ನಂಜನಗೂಡು. ದೊಡ್ಡ ಕಾರ್ಖಾನೆಗಳಲ್ಲಿ ಯೂನಿಯನ್ನಿನ ಗೇಟ್ ಮೀಟಿಂಗೇ ಕಾನೂನಿನ ಪಾಠಶಾಲೆಯೂ ಆಗಿತ್ತು. ಅಂಥದ್ದೊಂದಾದ ಯಾದವಗಿರಿಯ ಐಡಿಯಲ್ ಜಾವಾ ಮೋಟಾರ್‌ಸೈಕಲ್ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಸಣ್ಣ ಘಟಕಗಳ ಕಾರ್ಮಿಕರಿಗೂ ಗುತ್ತಿಗೆ ಕಾರ್ಮಿಕರಿಗೂ ಅಂಥ ಗೇಟ್ ಮೀಟಿಂಗಿನ ಆಸರೆ ಕಡಿಮೆ. ಹೊಸ ಕಾನೂನಿನ ಅರಿವು ಹೆಚ್ಚು ಬೇಕಾಗಿರುವುದು ಅವರಿಗೇ.

ದುಡಿಮೆಯಿಂದ ಬರುವ ಕಾಯಿಲೆ ಕಾನೂನಿನ ಕಣ್ಣಿಗೆ ಬಿದ್ದ ಚರಿತ್ರೆಯಲ್ಲಿ ಮೈಸೂರು ಸಂಸ್ಥಾನಕ್ಕೂ ಸ್ಥಾನವಿದೆ. ಕೋಲಾರದ ಚಿನ್ನದ ಗಣಿಗಳಲ್ಲಿ ಕಲ್ಲಿನ ದೂಳು ಉಸಿರಾಡಿ ಶ್ವಾಸಕೋಶ ಕೆಡಿಸಿಕೊಂಡವರಿಗಾಗಿ ಸಂಸ್ಥಾನ 1940ರಲ್ಲಿ ಸಿಲಿಕೋಸಿಸ್ ನಿಯಮಗಳನ್ನು ತಂದಿತು. ಮುಂದಿನ ದೊಡ್ಡ ತಿರುವು ಭೋಪಾಲದ್ದು. 1984ರ ಅನಿಲ ದುರಂತದ ಬಳಿಕ, 1987ರಲ್ಲಿ ಕಾರ್ಖಾನೆಗಳ ಕಾಯಿದೆಗೆ ತಿದ್ದುಪಡಿಯಾಯಿತು. ಯಾವ ರಾಸಾಯನಿಕದ ನಡುವೆ ದುಡಿಯುತ್ತಿದ್ದೇನೆ ಎಂದು ತಿಳಿಯುವ ಹಕ್ಕು, ಅಪಾಯ ಕಂಡರೆ ಎಚ್ಚರಿಸುವ ಹಕ್ಕು, ಸುರಕ್ಷತಾ ಸಮಿತಿಯಲ್ಲಿ ಕಾರ್ಮಿಕರಿಗೆ ಆಡಳಿತ ವರ್ಗದಷ್ಟೇ ಸ್ಥಾನ: ಇವು ಕಾನೂನಿನ ಪುಟಕ್ಕೆ ಬಂದದ್ದು ಸಾವಿರಾರು ಜನ ಸತ್ತ ಮೇಲೆ. ಇಂದು ಸದಸ್ಯರಿಗೆ ಕಲಿಸುವಾಗ ಈ ಹಿನ್ನೆಲೆಯನ್ನು ಬಿಡಬಾರದು.

ಹೊಸ ಸಂಹಿತೆಯನ್ನು ಅರ್ಥಮಾಡಿಕೊಳ್ಳುವ ಮೊದಲ ಹೆಜ್ಜೆ ತಲೆ ಎಣಿಸುವುದು. ಹಳೆಯ ಕಾಯಿದೆಯಲ್ಲಿ ವಿದ್ಯುತ್ ಬಳಸುವಲ್ಲಿ 10 ಜನ, ಬಳಸದಲ್ಲಿ 20 ಜನ ಇದ್ದರೆ ಅದು ಕಾರ್ಖಾನೆ. ಈಗ ಆ ಸಂಖ್ಯೆ 20 ಮತ್ತು 40. ಗುತ್ತಿಗೆ ಕಾರ್ಮಿಕರ ಅಧ್ಯಾಯ ಅನ್ವಯಿಸಲು ಮೊದಲು 20 ಜನ ಸಾಕಿತ್ತು, ಈಗ 50 ಬೇಕು. ಶಿಶುವಿಹಾರಕ್ಕೆ 50, ಕ್ಯಾಂಟೀನಿಗೆ 100. ಸುರಕ್ಷತಾ ಅಧಿಕಾರಿಯನ್ನು ನೇಮಿಸಲು ಸಾಮಾನ್ಯ ಕಾರ್ಖಾನೆಯಲ್ಲಿ 500 ಮಂದಿ ಇರಬೇಕು, ಅಪಾಯಕಾರಿ ಪ್ರಕ್ರಿಯೆ ನಡೆಯುವಲ್ಲಿ 250. ಕಾರ್ಖಾನೆಯೋ ಅಲ್ಲವೋ ಎಂದು ಲೆಕ್ಕ ಹಾಕುವಾಗ ದಿನದ ಎಲ್ಲ ಶಿಫ್ಟುಗಳವರನ್ನೂ ಸೇರಿಸಬೇಕು. ಹಗಲು 12, ರಾತ್ರಿ 9 ಮಂದಿ ದುಡಿಯುವ ಲೇತ್ ಶೆಡ್ಡಿನಲ್ಲಿ ಮಾಲೀಕರು ಹಗಲಿನವರನ್ನಷ್ಟೇ ತೋರಿಸಿದರೆ ಅದು ಕಾರ್ಖಾನೆಯಲ್ಲ. ಸರಿಯಾಗಿ ಎಣಿಸಿದರೆ ಕಾರ್ಖಾನೆ. ಈ ಒಂದು ಲೆಕ್ಕ ಗೊತ್ತಿಲ್ಲದೆ ಇಡೀ ಶೆಡ್ಡಿನವರು ಹಕ್ಕು ಕಳೆದುಕೊಳ್ಳಬಹುದು. ಹತ್ತಕ್ಕೂ ಹತ್ತೊಂಬತ್ತಕ್ಕೂ ನಡುವಿನವರು ಪೂರ್ತಿ ಹೊರಗುಳಿದಿಲ್ಲ. 10 ಜನರಿರುವ ಸಂಸ್ಥೆಗೂ ಮಾಲೀಕರ ಸಾಮಾನ್ಯ ಕರ್ತವ್ಯಗಳು ಅನ್ವಯಿಸುತ್ತವೆ. ಆದರೂ ಕಾರ್ಖಾನೆ ಎಂಬ ಮಾನ್ಯತೆಯ ಮಿತಿಯನ್ನು ಇಮ್ಮಡಿಸಿದ್ದು ಸಣ್ಣ ಘಟಕಗಳ ಕಾರ್ಮಿಕರಿಗೆ ಆದ ನಷ್ಟವೇ ಸರಿ.

ಗಳಿಕೆಯೂ ಇದೆ. ಪ್ರತಿಯೊಬ್ಬರಿಗೂ ನೇಮಕಾತಿ ಪತ್ರ ಕೊಡಬೇಕು. ಅಪಘಾತದಲ್ಲಿ ಕೈ ಹೋದ ಮೇಲೆ 'ಈತ ನಮ್ಮವನೇ ಅಲ್ಲ' ಎನ್ನುವ ಮಾತಿಗೆ ಈ ಒಂದು ಹಾಳೆ ಉತ್ತರ. ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆ ಆಗಬೇಕು. ಇದು 40 ವರ್ಷ ದಾಟಿದವರಿಗೆ ಎಂದು ಕೇಂದ್ರ ಸರ್ಕಾರ ಸಾರಿದೆ. ಸಾವು ಸಂಭವಿಸಿದರೆ, ಅಥವಾ 48 ಗಂಟೆ ಕೆಲಸಕ್ಕೆ ಬರಲಾಗದಂಥ ಗಾಯವಾದರೆ, ಅಧಿಕಾರಿಗಳಿಗೆ ವರದಿ ಹೋಗಬೇಕು. ದಿನದ ದುಡಿಮೆ 8 ಗಂಟೆ. ಓವರ್‌ಟೈಮಿಗೆ ಕಾರ್ಮಿಕರ ಒಪ್ಪಿಗೆ ಬೇಕು, ಕೂಲಿ ಎರಡು ಪಟ್ಟು. ದಿನಕ್ಕೆ 12 ಗಂಟೆಯವರೆಗೆ ದುಡಿಸಲು ದಾರಿ ಮಾಡಿದ್ದ ಕರ್ನಾಟಕದ 2023ರ ತಿದ್ದುಪಡಿಯನ್ನು ನೆನೆದರೆ ಈ ಒಪ್ಪಿಗೆಯ ಮಾತಿಗೆ ಬೆಲೆ ಗೊತ್ತಾಗುತ್ತದೆ. ಹೆಂಗಸರನ್ನು ಸಂಜೆ 7ರ ನಂತರ, ಬೆಳಿಗ್ಗೆ 6ರ ಮೊದಲು ದುಡಿಸಲೂ ಅವರ ಸಮ್ಮತಿ ಮತ್ತು ರಕ್ಷಣೆಯ ಏರ್ಪಾಡು ಕಡ್ಡಾಯ.

ಯೂನಿಯನ್ ಸದಸ್ಯರು ಮೊದಲು ಕಲಿಯಬೇಕಾದದ್ದು 14ನೇ ಕಲಮು. ಭೋಪಾಲದ ನಂತರ ಕಾರ್ಖಾನೆಯವರಿಗೆ ಬಂದಿದ್ದ ಹಕ್ಕನ್ನು ಇದು ಎಲ್ಲ ಬಗೆಯ ಸಂಸ್ಥೆಗಳಿಗೂ ಹರಡಿದೆ. ಸುರಕ್ಷತೆಯ ಮಾಹಿತಿಯನ್ನು ಮಾಲೀಕರಿಂದ ಕೇಳಿ ಪಡೆಯಬಹುದು. ಪ್ರಾಣಾಪಾಯ ಅಥವಾ ಗಂಭೀರ ಗಾಯದ ಭಯ ನ್ಯಾಯವಾಗಿ ಹುಟ್ಟಿದರೆ, ಮಾಲೀಕರಿಗೂ ಇನ್ಸ್‌ಪೆಕ್ಟರ್ ಕಮ್ ಫೆಸಿಲಿಟೇಟರ್ ಎಂಬ ಹೊಸ ಹೆಸರಿನ ಅಧಿಕಾರಿಗೂ ಏಕಕಾಲಕ್ಕೆ ತಿಳಿಸಬಹುದು. ಮಾಲೀಕರಿಗೆ ಅಪಾಯ ಹೌದೆನಿಸಿದರೆ ಕೂಡಲೇ ಸರಿಪಡಿಸಿ ವರದಿ ಕೊಡಬೇಕು; ಅಲ್ಲವೆನಿಸಿದರೆ ವಿಷಯವನ್ನು ಅಧಿಕಾರಿಗೆ ಒಪ್ಪಿಸಬೇಕು. ತೀರ್ಮಾನ ಅಧಿಕಾರಿಯದು. ಆದರೆ ಆ ತೀರ್ಮಾನ ಬರುವವರೆಗೆ ಯಂತ್ರದಿಂದ ದೂರ ನಿಲ್ಲಬಹುದೇ ಎಂಬುದಕ್ಕೆ ಕಲಮು ಸ್ಪಷ್ಟ ಉತ್ತರ ಕೊಡುವುದಿಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 155ನೇ ಒಡಂಬಡಿಕೆ, 1981ರಷ್ಟು ಹಿಂದೆಯೇ, ಹಾಗೆ ಹಿಂದೆ ಸರಿದವರಿಗೆ ರಕ್ಷಣೆ ಬೇಕೆಂದಿತ್ತು. 2022ರ ಜೂನ್‌ನಲ್ಲಿ ಸಂಸ್ಥೆ ಅದನ್ನು ಮೂಲಭೂತ ಒಡಂಬಡಿಕೆಗಳ ಸಾಲಿಗೆ ಸೇರಿಸಿತು. ನಮ್ಮ ಸಂಹಿತೆಯಲ್ಲಿ ಆ ಮಾತು ಇರಬೇಕಿತ್ತು.

ಈ ಹಕ್ಕುಗಳನ್ನು ಹೇಳಿಕೊಡುವ ಬಗೆಯೂ ಮುಖ್ಯ. 1958ರಲ್ಲಿ ಸ್ಥಾಪನೆಯಾದ ಕೇಂದ್ರ ಕಾರ್ಮಿಕ ಶಿಕ್ಷಣ ಮಂಡಳಿ, ಅಂದರೆ ಇಂದಿನ ದತ್ತೋಪಂತ ಠೇಂಗಡಿ ಮಂಡಳಿ, ಕಾರ್ಮಿಕರಿಗೆ ಅವರವರ ಭಾಷೆಯಲ್ಲಿ ತರಗತಿ ನಡೆಸುತ್ತ ಬಂದಿದೆ. ಆದರೆ ಕಲಮುಗಳನ್ನು ಒಂದಾದ ಮೇಲೊಂದು ಓದಿ ಹೇಳುವುದಕ್ಕಿಂತ ಶಾಪಿನ ಒಳಗೆ ಒಂದು ಸುತ್ತು ಹಾಕಿ ಪಾಠ ಶುರುಮಾಡುವುದು ಹೆಚ್ಚು ಫಲ ಕೊಡುತ್ತದೆ. ಯಾವ ಪ್ರೆಸ್ಸಿಗೆ ಗಾರ್ಡ್ ಇಲ್ಲ, ಯಾವ ಡ್ರಮ್ಮಿನ ಮೇಲೆ ಲೇಬಲ್ ಇಲ್ಲ, ಯಾವ ಬಾಗಿಲಿಗೆ ರಾತ್ರಿ ಬೀಗ ಬೀಳುತ್ತದೆ ಎಂದು ಸದಸ್ಯರೇ ಗುರುತಿಸಲಿ. ಆಮೇಲೆ ಅದನ್ನು ದೂರಾಗಿ ಬರೆಯಲು ಕಲಿಸಬೇಕು: ತಾರೀಕು, ಶಿಫ್ಟು, ಯಂತ್ರದ ನಂಬರು, ಅಪಾಯ ಏನು. ಒಂದು ಪ್ರತಿ ಆಡಳಿತ ವರ್ಗಕ್ಕೆ, ಒಂದು ಅಧಿಕಾರಿಗೆ, ಸ್ವೀಕೃತಿಯ ಸಹಿಯಿರುವ ಒಂದು ಯೂನಿಯನ್ ಕಡತಕ್ಕೆ. ಸೂಪರ್‌ವೈಸರಿಗೆ ಬಾಯಲ್ಲಿ ಹೇಳಿದ್ದಕ್ಕೆ ಅಪಘಾತವಾದ ಮರುದಿನ ಸಾಕ್ಷಿ ಸಿಗುವುದಿಲ್ಲ.

ಕಾಯಿಲೆಯ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಗದ್ದಲದಿಂದ ಬರುವ ಕಿವುಡು, ಸಿಲಿಕೋಸಿಸ್, ಹತ್ತಿಯ ದೂಳಿನಿಂದ ಬರುವ ಉಸಿರಾಟದ ಕಾಯಿಲೆ, ಸೀಸದ ವಿಷ ಇವೆಲ್ಲ ವರದಿ ಮಾಡಲೇಬೇಕಾದ ರೋಗಗಳು. ಮಾಲೀಕರಷ್ಟೇ ಅಲ್ಲ, ಚಿಕಿತ್ಸೆ ಕೊಟ್ಟ ವೈದ್ಯರೂ ವರದಿ ಕಳಿಸಬೇಕು. ಮಗ್ಗದ ಸದ್ದಿನಲ್ಲಿ ಇಪ್ಪತ್ತು ವರ್ಷ ದುಡಿದವರು 'ವಯಸ್ಸಾಯಿತು, ಕಿವಿ ಕೇಳಿಸದು' ಎಂದಷ್ಟೇ ಹೇಳಿದರೆ ವೈದ್ಯರು ಮಗ್ಗವನ್ನು ಊಹಿಸಲಾರರು. ಎಲ್ಲಿ, ಏನು ಕೆಲಸ, ಎಷ್ಟು ವರ್ಷ ಎಂಬುದನ್ನು ಚೀಟಿಯಲ್ಲಿ ಬರೆಸಿಕೊಳ್ಳಲು ಸದಸ್ಯರಿಗೆ ಹೇಳಿಕೊಡಬೇಕು.

ಸಂಹಿತೆಯ ಬಗ್ಗೆ ಸಂಘಗಳಲ್ಲಿ ಒಮ್ಮತವಿಲ್ಲ. ಹತ್ತು ಕೇಂದ್ರ ಕಾರ್ಮಿಕ ಸಂಘಟನೆಗಳ ಜಂಟಿ ವೇದಿಕೆ ನಾಲ್ಕೂ ಸಂಹಿತೆಗಳನ್ನು ವಿರೋಧಿಸಿ 2025ರ ನವೆಂಬರ್ 26ರಂದು ಪ್ರತಿಭಟಿಸಿತು; ಭಾರತೀಯ ಮಜ್ದೂರ್ ಸಂಘ ಸ್ವಾಗತಿಸಿತು. ವಿರೋಧಿಸುವವರೂ ಅದನ್ನು ಓದಿಕೊಳ್ಳಲೇಬೇಕು, ಏಕೆಂದರೆ ನಾಳೆ ಅಪಘಾತವಾದರೆ ಹಿಡಿದು ಕೇಳಲು ಕೈಗೆ ಸಿಗುವುದು ಈ ಕಾನೂನೇ. ಹಳೆಯ ಕಾಯಿದೆಗಳ ಕೆಳಗಿನ ನಿಯಮಗಳು, 1969ರ ಕರ್ನಾಟಕ ಕಾರ್ಖಾನೆಗಳ ನಿಯಮಗಳೂ ಸೇರಿ, ಸಂಹಿತೆಗೆ ವಿರುದ್ಧವಾಗದಷ್ಟು ಮಟ್ಟಿಗೆ ಉಳಿಯಲು ಅದರಲ್ಲೇ ಅವಕಾಶವಿದೆ. ಹಳೆಯ ನಿಯಮ ಪುಸ್ತಕವನ್ನು ಯೂನಿಯನ್ ಕಚೇರಿಯಿಂದ ಎಸೆಯುವಂತಿಲ್ಲ.

ಸುರಕ್ಷತಾ ಸಮಿತಿಯ ಮಾತು ಹೇಳಲೇಬೇಕು. ಅಪಾಯಕಾರಿ ಪ್ರಕ್ರಿಯೆಯ ಕಾರ್ಖಾನೆಗಳಲ್ಲಿ ಅದನ್ನು ರಚಿಸುವುದು ಹಳೆಯ ಕಾಯಿದೆಯಲ್ಲೇ ಕಡ್ಡಾಯವಾಗಿತ್ತು. ಈಗ ಸರ್ಕಾರ ಸಾಮಾನ್ಯ ಅಥವಾ ವಿಶೇಷ ಆದೇಶ ಹೊರಡಿಸಿದರೆ ಮಾತ್ರ ಸಮಿತಿ; ರಚನೆಯಾದರೆ ಕಾರ್ಮಿಕರ ಪ್ರತಿನಿಧಿಗಳು ಮಾಲೀಕರ ಪ್ರತಿನಿಧಿಗಳಿಗಿಂತ ಕಡಿಮೆ ಇರಕೂಡದು. ಆದೇಶಕ್ಕಾಗಿ ಒತ್ತಾಯಿಸುವುದೂ, ಆ ಕುರ್ಚಿಗಳಲ್ಲಿ ಒಂದಾದರೂ ಗುತ್ತಿಗೆಯವರಿಗೆ, ಒಂದಾದರೂ ಹೆಂಗಸರಿಗೆ ಸಿಗುವಂತೆ ನೋಡಿಕೊಳ್ಳುವುದೂ ಸಂಘದ ಕೆಲಸ.

ಮಾಲೀಕರು ಕರ್ತವ್ಯ ತಪ್ಪಿದ್ದರಿಂದ ಸಾವು ಸಂಭವಿಸಿದರೆ ಎರಡು ವರ್ಷದವರೆಗೆ ಸೆರೆ, ಅಥವಾ 5 ಲಕ್ಷ ರೂಪಾಯಿಗೆ ಕಡಿಮೆಯಿಲ್ಲದ ದಂಡ, ಅಥವಾ ಎರಡೂ. ಆ ದಂಡದಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದ ಮೊತ್ತವನ್ನು ಸತ್ತವರ ವಾರಸುದಾರರಿಗೆ ಕೊಡಿಸುವ ಅಧಿಕಾರ ನ್ಯಾಯಾಲಯಕ್ಕಿದೆ. ಅದು ನ್ಯಾಯಾಲಯದ ವಿವೇಚನೆಗೆ ಬಿಟ್ಟ ಮಾತಾದ್ದರಿಂದ ಕುಟುಂಬದ ಪರವಾಗಿ ಯಾರಾದರೂ ಕೇಳಬೇಕು. ಆದರೆ ಎಲ್ಲರಿಗೂ ಇಷ್ಟು ರಕ್ಷಣೆಯಿಲ್ಲ. ಮನೆಯಲ್ಲೇ ಬೀಡಿ ಕಟ್ಟುವ ಮೈಸೂರಿನ ಹೆಣ್ಣುಮಕ್ಕಳ ಮಟ್ಟಿಗೆ ಈ ಸಂಹಿತೆ ದುರ್ಬಲ. ಸ್ವಂತ ಮನೆಯಲ್ಲಿ ಕುಟುಂಬದವರೊಡನೆ ಮಾಡುವ ಕೆಲಸಕ್ಕೆ ಬೀಡಿ ಕಾರ್ಖಾನೆ ಆವರಣದ ನಿಯಮಗಳು ತಾಗುವುದಿಲ್ಲ. ತಂಬಾಕಿನ ಪುಡಿ ಮಾತ್ರ ಅಲ್ಲಿಯೂ ಅದೇ.