ಗುಳಿಗೆಯ ಹೆಸರು: ಮೀನುಗಾರರ ಮನೆಮಾತಿನಲ್ಲಿ ಎಚ್‌ಐವಿ

ಅಂಕೋಲಾ ತಾಲ್ಲೂಕಿನ ಕೇಣಿಯಂಥ ಊರಿನಲ್ಲಿ ಬೋಟಿಗೆ ಹೋಗುವ ತಂದೆ ದಿನವಿಡೀ ಮಕ್ಕಳ ಕಣ್ಣೆದುರಿಗಿರುವುದು ಜೂನ್ 1ರಿಂದ ಜುಲೈ 31ರವರೆಗೆ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವ 61 ದಿನ. ಉಳಿದ ತಿಂಗಳುಗಳಲ್ಲಿ ಮಕ್ಕಳ ಪ್ರಶ್ನೆಗಳಿಗೆಲ್ಲ ತಾಯಿಯೇ ಉತ್ತರ ಹುಡುಕಬೇಕು. ಎಚ್‌ಐವಿ ಕುರಿತು ಮಕ್ಕಳೊಡನೆ ಆಡಬೇಕಾದ ಮಾತನ್ನು ಇಂಥ ಮನೆಯ ಜಗಲಿಯಲ್ಲಿ ಕೂತು ಯೋಚಿಸಿದರೆ, ತಿಳಿವಳಿಕೆಗಿಂತ ಪದಗಳ ಬಡತನವೇ ಹೆಚ್ಚು ಕಾಡುತ್ತದೆ.

ಪಠ್ಯಪುಸ್ತಕದ ‘ಲೈಂಗಿಕ ಸಂಪರ್ಕ’ ತಾಯಿಯ ನಾಲಿಗೆಗೆ ಬಾರದು. ಬಂದರಿನಲ್ಲಿ ಕಿವಿಗೆ ಬೀಳುವ ಪದ ಬೈಗುಳ. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ ಇರುವಲ್ಲಿ ತೊಡಕು ಇಮ್ಮಡಿ. ಕೊನೆಗೆ ಉಳಿಯುವುದು ‘ಆ ಕಾಯಿಲೆ’. ಶಾಲೆಗಳಲ್ಲಿ ಈ ವಿಷಯ ಕಲಿಸುವ ಹದಿಹರೆಯದ ಶಿಕ್ಷಣ ಕಾರ್ಯಕ್ರಮವನ್ನು 2007ರಲ್ಲಿ ಕರ್ನಾಟಕವೂ ಸೇರಿ ಹಲವು ರಾಜ್ಯಗಳು ತಡೆಹಿಡಿದಾಗ, ಇದು ಮನೆಯವರು ಹೇಳಿಕೊಡಬೇಕಾದ ವಿಷಯ ಎಂಬ ವಾದವೂ ಇತ್ತು. ಹೇಳಲು ಮನೆಯವರ ಬಳಿ ಮಾತಿದೆಯೇ ಎಂದು ಯಾರೂ ವಿಚಾರಿಸಿದಂತಿಲ್ಲ.

ಸೋಂಕಿರುವ ಮಗುವಿಗೆ ಶಾಲೆಗೆ ಹೋಗುವ ವಯಸ್ಸಿನಲ್ಲೇ, ಅಂದರೆ 6ರಿಂದ 12ರೊಳಗೆ, ವಿಷಯ ತಿಳಿಸಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಕೊಟ್ಟ ಸಲಹೆ. ನಮ್ಮ 2017ರ ಎಚ್‌ಐವಿ–ಏಡ್ಸ್ ಕಾಯ್ದೆ (ಜಾರಿ: 2018ರ ಸೆಪ್ಟೆಂಬರ್ 10) ಇನ್ನೂ ಮುಂದೆ ಹೋಗುತ್ತದೆ. ಸೋಂಕು ತಟ್ಟಿದ ಮನೆಯನ್ನು ನಡೆಸುತ್ತಿರುವ, ಪ್ರಬುದ್ಧತೆಯುಳ್ಳ 12 ತುಂಬಿದ ಮಗು ತನ್ನ ತಮ್ಮತಂಗಿಯರ ಶಾಲಾ ದಾಖಲಾತಿ, ಬ್ಯಾಂಕ್ ಖಾತೆ, ಚಿಕಿತ್ಸೆಗಳಿಗೆ ಪೋಷಕನಾಗಬಹುದು. ಕಾನೂನು ಇಷ್ಟು ನಂಬಿದ ವಯಸ್ಸಿನ, ಸೋಂಕಿರುವ ಹುಡುಗಿಯೆದುರು ನಾವು ಅವಳ ಗುಳಿಗೆಯ ಹೆಸರನ್ನೇ ನುಂಗುತ್ತೇವೆ, ‘ಶಕ್ತಿಗುಳಿಗೆ’ ಎನ್ನುತ್ತೇವೆ. ಬೇಸರ ಬಂದ ದಿನ ಅವಳದನ್ನು ಕಿಟಕಿಯಾಚೆ ಎಸೆದರೆ ತಪ್ಪು ಯಾರದು?

ಮಗುವಿಗೆ ರೋಗನಿರೋಧಕ ಶಕ್ತಿಯನ್ನು ವಿವರಿಸಲು ವೈದ್ಯರು ಬಳಸುವ ‘ಸೈನಿಕರ’ ಹೋಲಿಕೆಗಿಂತ ಇಲ್ಲಿ ಬಲೆ ಹೆಚ್ಚು ಒಪ್ಪುತ್ತದೆ. ಮೈಯ ಕಾವಲು ಒಂದು ಬಲೆ. ವೈರಸ್ ಅದರ ಕಣ್ಣುಗಳನ್ನು ಹರಿಯುತ್ತ ಹೋಗುತ್ತದೆ. 2004ರ ಏಪ್ರಿಲ್‌ನಿಂದ ಸರ್ಕಾರ ಉಚಿತವಾಗಿ ಕೊಡುತ್ತಿರುವ ಎಆರ್‌ಟಿ (ಆಂಟಿರೆಟ್ರೊವೈರಲ್ ಚಿಕಿತ್ಸೆ) ಗುಳಿಗೆ ವೈರಸ್ ಹೆಚ್ಚದಂತೆ ತಡೆದು ಹರಿಯುವುದನ್ನು ನಿಲ್ಲಿಸುತ್ತದೆ, ಬಲೆಯನ್ನು ಮೈಯೇ ಮತ್ತೆ ಹೆಣೆದುಕೊಳ್ಳುತ್ತದೆ. ಆದರೆ ಹೋಲಿಕೆಗೊಂದು ಮಿತಿಯಿದೆ. ಮಳೆಗಾಲದಲ್ಲಿ ದುರಸ್ತಿಯಾದ ಬಲೆ ವರ್ಷವಿಡೀ ಬಾಳೀತು. ಗುಳಿಗೆ ಬಿಟ್ಟರೆ ಹರಿಯುವುದು ಮತ್ತೆ ಶುರು.

ಹೇಳಿದ ಮೇಲೆ ಗುಟ್ಟಿನ ಭಾರ ಮಗುವಿನ ಮೇಲೆ ಬೀಳುತ್ತದೆ. ಸೋಂಕಿತರ ಒಪ್ಪಿಗೆಯಿಲ್ಲದೆ ವಿಷಯ ಬಯಲು ಮಾಡಬಾರದೆಂದು ಕಾಯ್ದೆ ಹೇಳೀತು, ಆದರೆ ಬೆಳಿಗ್ಗೆ ಯಾರ ಮನೆಗೆ ಯಾವ ಮೀನು ಬಂತೆಂಬುದು ಮಧ್ಯಾಹ್ನದೊಳಗೆ ಕೇರಿಗೆಲ್ಲ ಗೊತ್ತಾಗುವ ಊರಿದು. ಯಾರಿಗೆ ಹೇಳಬಹುದು, ಯಾರಿಗೆ ಬೇಡ ಎಂಬುದನ್ನೂ ವಿಷಯ ತಿಳಿಸಿದ ದಿನವೇ ಹೇಳಿಕೊಡಬೇಕು. ಆ ಮಗುವಿನ ನೆಮ್ಮದಿ ಪಕ್ಕದ ಮನೆಯ, ಸೋಂಕಿಲ್ಲದ ಮಗುವಿಗೆ ಏನು ಗೊತ್ತಿದೆ ಎಂಬುದರ ಮೇಲೂ ನಿಂತಿದೆ. ಒಟ್ಟಿಗೆ ಉಂಡರೆ, ಸೊಳ್ಳೆ ಕಚ್ಚಿದರೆ, ಒಂದೇ ಹೊಳೆಯಲ್ಲಿ ಈಜಿದರೆ ಇದು ಅಂಟದು: ಇಷ್ಟನ್ನು ಆರು ವರ್ಷದವರಿಗೂ ಹೇಳಬಹುದು, ಯಾವ ಮುಜುಗರದ ಪದವೂ ಬೇಕಿಲ್ಲ. ‘ಹಾಗಾದ್ರೆ ಹೇಗೆ ಅಂಟ್ತದೆ?’ ಎಂದು ಕೇಳಿದ ದಿನ ರಕ್ತ, ಸೂಜಿ, ಬಸುರು, ಎದೆಹಾಲು. ದೇಹಸಂಬಂಧದ ಮಾತು ಹುಡುಗಿ ದೊಡ್ಡವಳಾಗುವ, ಹುಡುಗನ ದನಿ ಒಡೆಯುವ ಮೊದಲೇ ಬರಲಿ. ತಂದೆ ಮನೆಯಲ್ಲಿರುವ ಜೂನ್ ತಿಂಗಳಲ್ಲಾದರೆ ಇನ್ನೂ ಒಳ್ಳೆಯದು.