ಪಸುಂಬೆಯಿಂದ ಪಾರ್ಸೆಲ್ಲಿನವರೆಗೆ: ತೆಂಗಿನ ಸೀಮೆಯ ಕಟ್ಟು-ಹೊರೆಗಳ ಚರಿತ್ರೆ

ತಿಪಟೂರು ತಾಲ್ಲೂಕಿನ ಅರಳಗುಪ್ಪೆಯ ಕಲ್ಲೇಶ್ವರ ದೇವಾಲಯದ ಭುವನೇಶ್ವರಿಯಲ್ಲಿ ನಟರಾಜನೂ ಅವನನ್ನು ಸುತ್ತುವರಿದ ದಿಕ್ಪಾಲಕರೂ ಸಾವಿರಕ್ಕೂ ಹೆಚ್ಚು ವರ್ಷಗಳಿಂದ ಉಳಿದುಬಂದಿದ್ದಾರೆ. ತುರುವೇಕೆರೆಯಲ್ಲಿ 13ನೆಯ ಶತಮಾನದ ಹೊಯ್ಸಳ ಗುಡಿಗಳು ಇಂದಿಗೂ ನಿಂತಿವೆ. ಆದರೆ ಆ ಗುಡಿಗಳ ನೈವೇದ್ಯಕ್ಕೆ ಅಕ್ಕಿಯನ್ನು, ದೀಪಕ್ಕೆ ಎಣ್ಣೆಯನ್ನು, ತಾಂಬೂಲಕ್ಕೆ ಅಡಕೆಯನ್ನು ತುಂಬಿ ತಂದ ಚೀಲಗಳಲ್ಲಿ, ಬುಟ್ಟಿಗಳಲ್ಲಿ ಒಂದಾದರೂ ಉಳಿದಿಲ್ಲ. ಸರಕನ್ನು ಕಾಯುವುದಕ್ಕಾಗಿ ಹುಟ್ಟಿದ ವಸ್ತು ಸರಕು ಊರು ಸೇರಿದೊಡನೆ ಹರಿದು, ಉರಿದು, ಗೊಬ್ಬರವಾಗಿ ಹೋಯಿತು. ಆದ್ದರಿಂದ ಕಟ್ಟು, ಗಂಟು, ಮೂಟೆಗಳ ಚರಿತ್ರೆಯನ್ನು ಬರೆಯಹೊರಟವರಿಗೆ ವಸ್ತುಸಂಗ್ರಹಾಲಯಗಳು ಹೆಚ್ಚು ನೆರವಾಗುವುದಿಲ್ಲ. ಅದರ ಮುಖ್ಯ ಆಕರ ಭಾಷೆಯೇ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯನ್ನು ನಿದರ್ಶನವಾಗಿಟ್ಟುಕೊಂಡು ಈ ಆಕರವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಸೀಮೆಯ ಮೊದಲ ಹೊದಿಕೆ ಮನುಷ್ಯನು ಮಾಡಿದ್ದಲ್ಲ, ಮರವೇ ಮಾಡಿದ್ದು. ತೆಂಗಿನಕಾಯಿಯ ಹೊರಗೆ ಮಟ್ಟೆ, ಅದರೊಳಗೆ ಚಿಪ್ಪು, ಚಿಪ್ಪಿನೊಳಗೆ ಕಂದು ಸಿಪ್ಪೆ, ಅದರೊಳಗೆ ತಿರುಳು, ನಡುವೆ ನೀರು. ಕರಾವಳಿಯಲ್ಲಿ ಸಾಮಾನ್ಯವಾಗಿ ಕಾಯಿಯನ್ನು ಒಡೆದು, ಹೋಳನ್ನು ಬಿಸಿಲಿಗೆ ಒಣಗಿಸಿ, ಎಣ್ಣೆಯ ಗಾಣಕ್ಕೆ ಕಳುಹುತ್ತಾರೆ. ತಿಪಟೂರಿನ ಉಂಡೆ ಕೊಬ್ಬರಿಯ ವಿಧಾನ ಇದಕ್ಕೆ ವಿರುದ್ಧವಾದುದು. ಚೆನ್ನಾಗಿ ಬಲಿತ ಕಾಯನ್ನು ಮಟ್ಟೆಸಹಿತ ಅಟ್ಟಕ್ಕೇರಿಸಿ ಎಂಟು ತಿಂಗಳಿಂದ ಒಂದು ವರ್ಷದವರೆಗೆ ಹಾಗೆಯೇ ಬಿಡುತ್ತಾರೆ. ಒಳಗಿನ ನೀರು ಮೆಲ್ಲನೆ ಇಂಗುತ್ತದೆ, ತಿರುಳು ಒಣಗಿ ಚಿಪ್ಪಿನಿಂದ ಬಿಡಿಸಿಕೊಳ್ಳುತ್ತದೆ. ಕಾಯನ್ನು ಕಿವಿಯ ಬಳಿ ಹಿಡಿದು ಅಲುಗಿಸಿದಾಗ ಉಂಡೆ ಹೊರಳುವ ಸದ್ದು ಕೇಳಿದರೆ ಅದು ಸಿದ್ಧವಾಯಿತೆಂದು ಲೆಕ್ಕ. ಆಮೇಲೆ ಮಟ್ಟೆ ಸುಲಿದು, ಒಳಗಿನ ಉಂಡೆಗೆ ಗಾಯವಾಗದಂತೆ ಚಿಪ್ಪನ್ನು ಬಿಡಿಸಬೇಕು. ಹೊದಿಕೆಯನ್ನು ಬಿಚ್ಚದೆ ಕಾಯುವುದೇ ಇಲ್ಲಿ ಉತ್ಪಾದನೆಯ ಕ್ರಮ. ಆ ವರ್ಷದುದ್ದಕ್ಕೂ ಒಳಗೇನಾಗುತ್ತಿದೆ ಎಂಬುದನ್ನು ರೈತನು ಕಾಣಲಾರ, ಕೇಳಬಲ್ಲ ಅಷ್ಟೆ. ಬಿಚ್ಚಿದ ಮೇಲೂ ಹೊದಿಕೆ ವ್ಯರ್ಥವಾಗದು: ಮಟ್ಟೆಯಿಂದ ನಾರು, ನಾರಿನಿಂದ ಹುರಿ, ಹುರಿಯಿಂದ ಹಗ್ಗ, ಚಿಪ್ಪು ಒಲೆಗೆ, ಗರಿ ಚಪ್ಪರಕ್ಕೆ. ಒಂದು ಕಟ್ಟಿನ ಅವಶೇಷವೇ ಮತ್ತೊಂದು ಕಟ್ಟನ್ನು ಬಿಗಿಯುವ ಹಗ್ಗವಾಗುತ್ತಿತ್ತು.

ಇನ್ನು ಮನುಷ್ಯನು ಮಾಡಿಕೊಂಡ ಹೊದಿಕೆಗಳನ್ನು ನೋಡೋಣ. ಹಳಗನ್ನಡದಲ್ಲಿ ವ್ಯಾಪಾರಿಯನ್ನು ‘ಪರದ’ ಎಂದು ಕರೆಯುತ್ತಿದ್ದರು. ಅವನ ಹೆಗಲ ಚೀಲ ‘ಪಸುಂಬೆ’. ಅವನ ಎತ್ತಿನ ಮೇಲಿನ ಭಾರ ‘ಪೇಱು’, ತಲೆಯ ಮೇಲಿನದು ‘ಪೊಱೆ’. ಪಕಾರವು ಹಕಾರವಾಗುವ ಪ್ರಸಿದ್ಧ ಧ್ವನಿವ್ಯತ್ಯಾಸಕ್ಕೆ ಈ ನಾಲ್ಕೂ ಪದಗಳು ಒಳಗಾದವು: ಪರದನು ಹರದನಾದ, ಪಸುಂಬೆ ಹಸುಬೆಯಾಯಿತು, ಪೇಱು ಹೇರಾಯಿತು, ಪೊಱೆ ಹೊರೆಯಾಯಿತು. ‘ಪೊಱೆ’ಯಲ್ಲಿರುವ ಶಕಟರೇಫವನ್ನು ಗಮನಿಸದೆ ಓದಿದರೆ ಕಾಪಾಡು ಎಂಬರ್ಥದ ‘ಪೊರೆ’ಯೊಡನೆ ಅದು ಬೆರೆತುಹೋಗುತ್ತದೆ. ಹೀಗಾಗಿ ವಿದ್ಯಾರ್ಥಿಗಳು ಇಲ್ಲಿ ಎಚ್ಚರ ವಹಿಸಬೇಕು. ಹಸುಬೆ ಅಥವಾ ಹಸಿಬೆ ಎಂಬುದು ನಡುವೆ ಬಾಯಿಯುಳ್ಳ, ಎರಡು ತುದಿಗಳಲ್ಲಿಯೂ ತುಂಬಬಹುದಾದ ಉದ್ದನೆಯ ಚೀಲ. ಹೆಗಲ ಮೇಲೆ ಇಟ್ಟರೆ ಅರ್ಧ ಮುಂದಕ್ಕೆ, ಅರ್ಧ ಹಿಂದಕ್ಕೆ ಬೀಳುತ್ತದೆ. ಎತ್ತಿನ ಬೆನ್ನಿಗೆ ಹಾಕಿದರೆ ಎರಡು ಪಕ್ಕಗಳಿಗೂ ಸಮನಾಗಿ ತೂಗುತ್ತದೆ.

ಈ ವಸ್ತುವಿನ ಪರಿಚಯವಿಲ್ಲದೆ ನಮ್ಮ ಸುಂಕದ ಶಾಸನಗಳು ಪೂರ್ಣವಾಗಿ ಅರ್ಥವಾಗುವುದಿಲ್ಲ. ಅಡಕೆ, ಮೆಣಸು, ವೀಳ್ಯದೆಲೆಗಳ ಮೇಲಿನ ಸುಂಕವನ್ನು ಶಾಸನಗಳು ಹಲವು ವೇಳೆ ಹೇರಿನ ಲೆಕ್ಕದಲ್ಲಿ ಹೇಳುತ್ತವೆ. ಬಂಡಿಗೆ ಒಂದು ದರ, ಎತ್ತಿನ ಹೇರಿಗೆ ಒಂದು, ಕತ್ತೆಯ ಹೇರಿಗೆ ಒಂದು, ತಲೆಹೊರೆಗೆ ಇನ್ನೊಂದು. ‘ಹೇರು’ ಎಂಬುದನ್ನು ಬರಿದೆ ‘ಭಾರ’ ಎಂದು ಅರ್ಥೈಸಿದರೆ ಶಾಸನದ ಆಡಳಿತ ವಿವೇಕವೇ ಮರೆಯಾಗುತ್ತದೆ. ಪ್ರಾಣಿಯ ಶಕ್ತಿಯೇ ಚೀಲದ ಗಾತ್ರವನ್ನು ನಿರ್ಧರಿಸುತ್ತಿದ್ದುದರಿಂದ ಸುಂಕದವನು ಗಂಟು ಬಿಚ್ಚಿ ಅಳೆಯಬೇಕಾದ ಅಗತ್ಯವಿರಲಿಲ್ಲ, ಎತ್ತುಗಳನ್ನು ಎಣಿಸಿದರೆ ಸಾಕಾಗುತ್ತಿತ್ತು ಎಂದು ಊಹಿಸಬಹುದು. ಅಯ್ಯಾವೊಳೆ ಐನೂರ್ವರ ಪ್ರಶಸ್ತಿಗಳು ಅವರು ಸಾಗಿಸುತ್ತಿದ್ದ ಬೆಲೆಬಾಳುವ ಸರಕುಗಳನ್ನಷ್ಟೇ ಅಲ್ಲದೆ ಅವುಗಳನ್ನು ಹೊತ್ತ ಕತ್ತೆ, ಕೋಣಗಳನ್ನೂ ಅಭಿಮಾನದಿಂದ ನೆನೆಯುವುದು ಈ ದೃಷ್ಟಿಯಿಂದ ಗಮನಾರ್ಹ.

ಹೊದಿಕೆಯೇ ಅಳತೆಯಾಗುವ ಈ ರೀತಿ ಬಹಳ ಪ್ರಾಚೀನವಾದುದು. ‘ಗೋಣಿ’ ಎಂಬ ಪದವನ್ನು ಪಾಣಿನಿಯ ಅಷ್ಟಾಧ್ಯಾಯಿಯೇ ಬಲ್ಲದು. ಅಲ್ಲಿ ಒಂದು ಸೂತ್ರ ಧಾನ್ಯ ತುಂಬುವ ಚೀಲದ ಅರ್ಥದಲ್ಲಿ ಅದರ ರೂಪವನ್ನು ಸಾಧಿಸಿದರೆ, ಇನ್ನೊಂದು ಸೂತ್ರ ‘ಪಂಚಗೋಣಿ’ಯಂತಹ ರೂಪಕ್ಕೆ, ಎಂದರೆ ಗೋಣಿಯ ಲೆಕ್ಕದಲ್ಲಿ ಕೊಂಡ ವಸ್ತುವಿಗೆ ಅವಕಾಶ ಮಾಡುತ್ತದೆ. ಕರಾವಳಿಯಲ್ಲಿ ಬೈಹುಲ್ಲಿನಿಂದ ಬಿಗಿದ ಅಕ್ಕಿಯ ‘ಮುಡಿ’ ಕಟ್ಟೂ ಹೌದು, ಮಾನವೂ ಹೌದು. ಇಂಗ್ಲಿಷರು ಭಾರತದಿಂದ ಒಯ್ದ ‘ಗನ್ನಿ’ ಎಂಬ ಪದದ ಮೂಲವೂ ಈ ಗೋಣಿಯೇ. ನಮ್ಮ ನಾಡಿನಲ್ಲಿ ಗೋಣಿಯನ್ನು ನೇಯುತ್ತಿದ್ದವರು ಗೋಣಿಗರು. ಹೊಲದಲ್ಲಿ ಬೆಳೆದ ಸೆಣಬಿನ ನಾರು ಅವರ ಕಚ್ಚಾವಸ್ತುವಾಗಿತ್ತು. 1855ರಲ್ಲಿ ಬಂಗಾಳದ ರಿಶ್ರಾದಲ್ಲಿ ಮೊದಲ ಸೆಣಬಿನ ಗಿರಣಿ ಆರಂಭವಾದ ಮೇಲೆ ಯಂತ್ರದ ಗೋಣಿ ದೇಶವೆಲ್ಲ ಹರಡಿತು. ಗೋಣಿಗರ ಕಸುಬು ಕ್ಷೀಣಿಸಿತು, ಆದರೆ ಅವರ ಪದ ಉಳಿಯಿತು. ಹೊಲದ ಸೆಣಬೂ ಬಂಗಾಳದ ಸೆಣಬೂ ಬೇರೆ ಬೇರೆ ಗಿಡಗಳಾದರೂ ಕನ್ನಡದಲ್ಲಿ ಎರಡಕ್ಕೂ ಒಂದೇ ಹೆಸರು ನಿಂತಿತು.

1800ರಲ್ಲಿ ಫ್ರಾನ್ಸಿಸ್ ಬುಕಾನನ್ ಚಿಕ್ಕನಾಯಕನಹಳ್ಳಿ, ತುರುವೇಕೆರೆಗಳ ಮಾರ್ಗವಾಗಿ ಸಾಗುವಾಗ ಈ ಭಾಗದ ತೆಂಗಿನ ಕೃಷಿಯನ್ನು ದಾಖಲಿಸಿದನು. ಆಗಿನ ಸಾಗಾಟ ಬಹುಮಟ್ಟಿಗೆ ಹೇರೆತ್ತುಗಳದೇ. ಲಂಬಾಣಿಗಳ ಎತ್ತಿನ ಹಿಂಡುಗಳೂ ಅದರಲ್ಲಿ ಪಾಲುದಾರರಾಗಿದ್ದವು. ಬಂಡಿದಾರಿಗಳು ಬೆಳೆದಂತೆ ಹಸುಬೆಯ ಗಾತ್ರದ ಮಿತಿ ಸಡಿಲಿತು. ಅನಂತರದ ದೊಡ್ಡ ಬದಲಾವಣೆ ರೈಲಿನಿಂದ ಬಂದಿತು. ಬೆಂಗಳೂರಿನಿಂದ ಹೊರಟ ಮೀಟರ್‌ಗೇಜ್ ಮಾರ್ಗ 1884ರಲ್ಲಿ ತುಮಕೂರನ್ನು ಮುಟ್ಟಿ, ತಿಪಟೂರಿನ ಮೂಲಕ 1889ರ ಹೊತ್ತಿಗೆ ಹರಿಹರವನ್ನು ಸೇರಿತು. ಹಿಂದೆ ತಾಲ್ಲೂಕಿನ ಕೇಂದ್ರವಾಗಿದ್ದ, ಸವಿಯಾದ ಎಳನೀರಿಗೆ ಹೆಸರಾದ ಹೊನ್ನವಳ್ಳಿ ಹಿಂದೆ ಸರಿದು, ರೈಲುನಿಲ್ದಾಣವಿದ್ದ ತಿಪಟೂರು ಕೊಬ್ಬರಿಯ ಪೇಟೆಯಾಗಿ ಬೆಳೆಯಿತು. ಉತ್ತರ ಭಾರತದವರು ‘ಗೋಲಾ’ ಎಂದು ಕರೆಯುವ ಉಂಡೆ ಕೊಬ್ಬರಿ ಅಲ್ಲಿನ ಮದುವೆ, ಹಬ್ಬಗಳಿಗೆ ಇಲ್ಲಿಂದಲೇ ಹೋಗತೊಡಗಿತು.

ರೈಲು ಸರಕಿಗೂ ಒಡೆಯನಿಗೂ ನಡುವಣ ಸಂಬಂಧವನ್ನೇ ಬದಲಿಸಿತು. ಹೇರೆತ್ತಿನ ಕಾಲದಲ್ಲಿ ಮೂಟೆಯ ಜೊತೆಯಲ್ಲಿಯೇ ಮನುಷ್ಯನೂ ನಡೆಯುತ್ತಿದ್ದ. ರೈಲಿನಲ್ಲಿ ಮೂಟೆ ಒಂಟಿಯಾಗಿ ಪ್ರಯಾಣ ಮಾಡಿತು. ಆದ್ದರಿಂದ ಗೋಣಿಯ ಮೇಲೆ ಮಂಡಿಯ ಗುರುತು, ಊರಿನ ಹೆಸರು, ಸಂಖ್ಯೆಗಳು ಬರಬೇಕಾದವು. ಒಡೆತನವನ್ನು ಸಾರಲು ರೈಲ್ವೆ ರಸೀದಿ ಬೇಕಾಯಿತು. ಮನುಷ್ಯನ ಮುಖ ಮಾಡುತ್ತಿದ್ದ ಕೆಲಸವನ್ನು ಚೀಲದ ಮೇಲಿನ ಬರಹ ಮಾಡತೊಡಗಿತು. ಅಕ್ಷರಸ್ಥರು ವಿರಳವಾಗಿದ್ದ ಸೀಮೆಯಲ್ಲಿ ಗೋಣಿಯ ಮಸಿಯ ಅಕ್ಷರಗಳು ಜನರು ದಿನವೂ ಕಾಣುವ ಬರಹಗಳಲ್ಲಿ ಒಂದಾಗಿದ್ದವು ಎಂಬುದನ್ನು ಸಾಕ್ಷರತೆಯ ಚರಿತ್ರಕಾರರು ಗಮನಿಸಬೇಕು.

ರೈಲು ಹರಿಹರವನ್ನು ಸೇರಿದ ಅದೇ 1889ರಲ್ಲಿ, ಚಿಕ್ಕದೇವರಾಜ ಒಡೆಯರ ಕಾಲದಿಂದ ನಡೆದುಬಂದಿದ್ದ ಮೈಸೂರಿನ ಅಂಚೆ ಬ್ರಿಟಿಷ್ ಭಾರತದ ಅಂಚೆಯಲ್ಲಿ ವಿಲೀನವಾಯಿತು. ಇದರಿಂದ ಸಂಸ್ಥಾನದ ಊರುಗಳಿಗೆ ಪಾರ್ಸೆಲ್ ಸೇವೆಯೂ 1877ರಲ್ಲಿ ಆರಂಭವಾಗಿದ್ದ ವಿ.ಪಿ.ಪಿ. ಪದ್ಧತಿಯೂ ದೊರೆತವು. ಹಣವನ್ನು ಅಂಚೆಯವನ ಕೈಗೆ ಕೊಟ್ಟು ಕಟ್ಟನ್ನು ಬಿಡಿಸಿಕೊಳ್ಳುವ ಈ ಏರ್ಪಾಡು ಕಾಣದ ಊರಿನ ಮಾರುವವನಿಗೂ ಕಾಣದ ಕೊಳ್ಳುವವನಿಗೂ ನಡುವೆ ಸರ್ಕಾರವನ್ನು ಜಾಮೀನಾಗಿ ನಿಲ್ಲಿಸಿತು. ಪುಸ್ತಕದಂಗಡಿಯಿಲ್ಲದ ಊರಿನ ಓದುಗನಿಗೆ ಮೈಸೂರು, ಧಾರವಾಡಗಳ ಪುಸ್ತಕ ತಲುಪುವ ಮುಖ್ಯ ಹಾದಿಗಳಲ್ಲಿ ವಿ.ಪಿ.ಪಿ.ಯೂ ಒಂದಾಯಿತು. ಆಧುನಿಕ ಕನ್ನಡ ಸಾಹಿತ್ಯದ ಪ್ರಸಾರವನ್ನು ಕುರಿತು ಬರೆಯುವಾಗ ಮುದ್ರಣಾಲಯಕ್ಕೆ ಕೊಡುವ ಮಹತ್ತ್ವದಲ್ಲಿ ಸ್ವಲ್ಪವನ್ನು ಕಂದು ಕಾಗದಕ್ಕೂ ಹುರಿಗೂ ಕೊಡುವುದು ನ್ಯಾಯ.

ಪೇಟೆ, ಅಂಚೆಗಳ ಈ ಬದಲಾವಣೆಯ ನಡುವೆಯೂ ಮನೆಬಳಕೆಯ ಹೊದಿಕೆಗಳು ಬಹುಕಾಲ ಹಳೆಯ ಹದದಲ್ಲಿಯೇ ಇದ್ದವು. ಹೊಲಕ್ಕೆ ಬುತ್ತಿಯ ಗಂಟು, ಊಟಕ್ಕೆ ಮುತ್ತುಗದೆಲೆ, ಹೂವಿಗೆ ಬಾಳೆನಾರು, ಸಂತೆಗೆ ಬುಟ್ಟಿ. ದಿನಸಿ ಅಂಗಡಿಗೆ ಹಳೆಯ ವೃತ್ತಪತ್ರಿಕೆ ಬಂದಮೇಲೆ ಪೊಟ್ಟಣ ಬಂದಿತು. ಪೊಟ್ಟಣದ ದಾರವನ್ನು ಬಿಚ್ಚಿ ಉಂಡೆ ಸುತ್ತಿಡುವುದು, ಹರಿದ ಗೋಣಿಯನ್ನು ಹಾಸಾಗಿಸುವುದು, ಮಳೆಗೆ ಅದನ್ನೇ ಕೊಪ್ಪೆಯಾಗಿಸುವುದು ಬಡತನದ ಲಕ್ಷಣವೆನಿಸಿರಲಿಲ್ಲ, ಗೃಹಕೃತ್ಯದ ಜಾಣತನವೆನಿಸಿತ್ತು. ಹೋಟೆಲುಗಳು ಬಂದಮೇಲೆ ‘ಪಾರ್ಸೆಲ್’ ಎಂಬ ಪದ ಅಂಚೆಕಚೇರಿಯಿಂದ ಹೊರಬಂದು ಇಡ್ಲಿ, ದೋಸೆಗಳಿಗೆ ಅಂಟಿತು. ಆದರೆ ಅದರ ಕ್ರಿಯಾಪದ ಮಾತ್ರ ಬದಲಾಗಲಿಲ್ಲ. ದಾರವೇ ಇಲ್ಲದಿದ್ದರೂ ನಾವು ಇಂದಿಗೂ ಪಾರ್ಸೆಲ್ ‘ಕಟ್ಟಿ’ಸುತ್ತೇವೆ. ಬುತ್ತಿ ಕಟ್ಟಿದ, ಗಂಟು ಕಟ್ಟಿದ, ಓಲೆಗರಿಗಳನ್ನು ಹಲಗೆಗಳ ನಡುವೆ ಇಟ್ಟು ದಾರದಿಂದ ಕಟ್ಟಿದ ಕೈಗಳ ನೆನಪು ಆ ಧಾತುವಿನಲ್ಲಿದೆ.

ಸ್ವಾತಂತ್ರ್ಯಾನಂತರ ಅಳತೆಯೂ ಹೊದಿಕೆಯೂ ಬೇರ್ಪಟ್ಟವು. 1956ರ ಕಾನೂನಿನ ಬಳಿಕ ಮೆಟ್ರಿಕ್ ಪದ್ಧತಿ ಹಂತಹಂತವಾಗಿ ಜಾರಿಗೆ ಬಂದು, ಮಣ, ಸೇರುಗಳ ಜಾಗದಲ್ಲಿ ಕ್ವಿಂಟಲ್, ಕಿಲೋಗಳು ನಿಂತವು. ಇಂದು ಉಂಡೆ ಕೊಬ್ಬರಿಯ ಬೆಂಬಲ ಬೆಲೆಯೂ ಕ್ವಿಂಟಲ್ ಲೆಕ್ಕದಲ್ಲಿಯೇ ಘೋಷಿತವಾಗುತ್ತದೆ. 2025ರ ಹಂಗಾಮಿಗೆ ಅದು 12,100 ರೂಪಾಯಿ. ಒಂದು ಕಾಲಕ್ಕೆ ತಾನೇ ಮಾನವಾಗಿದ್ದ ಚೀಲ ಈಗ ತೂಕದಿಂದ ಕಳೆಯಬೇಕಾದ ಮೊತ್ತ. ಚೀಲಕ್ಕೆ ಎಷ್ಟು ಕಳೆಯಬೇಕೆಂಬುದು ರೈತನಿಗೆ ಸಣ್ಣ ಪ್ರಶ್ನೆಯಲ್ಲ. ಒಂದೊಂದು ಚೀಲಕ್ಕೂ ಒಂದಷ್ಟು ಹೆಚ್ಚು ಕಳೆದರೆ ಅವನ ಒಂದು ವರ್ಷದ ಕಾಯುವಿಕೆಯ ಫಲ ಅಷ್ಟರಮಟ್ಟಿಗೆ ಕರಗುತ್ತದೆ.

ಇತ್ತೀಚಿನ ಬದಲಾವಣೆ ಪ್ಲಾಸ್ಟಿಕ್ಕಿನದು. ಕರ್ನಾಟಕ ಸರ್ಕಾರ 2016ರಲ್ಲಿ ಪ್ಲಾಸ್ಟಿಕ್ ಕೈಚೀಲಗಳನ್ನು ನಿಷೇಧಿಸಿತು. 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳಿಗೆ ದೇಶದಾದ್ಯಂತ ನಿಷೇಧ ಬಂದಿತು. ಆದರೂ ತೋಟದ ಬದುಗಳಲ್ಲಿ, ಕೆರೆಯ ಕೋಡಿಯಲ್ಲಿ ಕವರುಗಳು ಕಾಣುತ್ತಲೇ ಇವೆ. ಹಿಂದೆ ಹೊದಿಕೆ ಅಳಿಯುತ್ತಿತ್ತು, ಅದರ ಹೆಸರು ಶತಮಾನಗಳವರೆಗೆ ಉಳಿಯುತ್ತಿತ್ತು. ಈಗ ಹೊದಿಕೆ ಮಣ್ಣಿನಲ್ಲಿ ಉಳಿಯುತ್ತದೆ, ಹೆಸರುಗಳು ಅಳಿಯುತ್ತಿವೆ. ಹಸುಬೆ, ಬುಟ್ಟಿ, ಗೂಡೆ, ಮಂಕರಿ, ಪೊಟ್ಟಣಗಳೆಲ್ಲವೂ ‘ಕವರು’ ಎಂಬ ಒಂದೇ ಪದದಲ್ಲಿ ಅಡಗಿಹೋಗಿವೆ. ನೇಯ್ದ ಪ್ಲಾಸ್ಟಿಕ್ ಚೀಲವನ್ನೂ ಜನರು ‘ಪ್ಲಾಸ್ಟಿಕ್ ಗೋಣಿ’ ಎನ್ನುವುದರಿಂದ ಪಾಣಿನಿಯ ಪದವೊಂದು ಹೇಗೋ ಬದುಕಿಕೊಂಡಿದೆ.

ಮುಂದಿನ ಕೆಲಸ ಸ್ಪಷ್ಟವಾಗಿದೆ. ಕೊಬ್ಬರಿ ಸುಲಿಯುವವರು, ಹುರಿ ಹೊಸೆಯುವವರು, ಮಂಡಿಯ ಹಮಾಲರು, ಬುಟ್ಟಿ ಹೆಣೆಯುವವರು ಈ ಮೂರು ತಾಲ್ಲೂಕುಗಳಲ್ಲಿ ಇನ್ನೂ ಇದ್ದಾರೆ. ಗಂಟಿನ ಬಗೆಗಳಿಗೆ, ಹಗ್ಗದ ದಪ್ಪಕ್ಕೆ, ಚೀಲದ ಬಾಯಿ ಹೊಲಿಯುವ ರೀತಿಗೆ, ಕಾಯಿಯ ಸದ್ದಿಗೆ ಅವರ ಬಾಯಲ್ಲಿ ಯಾವ ಯಾವ ಮಾತುಗಳಿವೆಯೆಂಬುದನ್ನು ಸಂಶೋಧನ ವಿದ್ಯಾರ್ಥಿಗಳು ಊರೂರಿಗೆ ಹೋಗಿ ಬರೆದುಕೊಳ್ಳಬೇಕು. ಅಂತಹ ವೃತ್ತಿಪದಕೋಶವೊಂದು ಸಿದ್ಧವಾದರೆ ಎಪಿಗ್ರಾಫಿಯ ಕರ್ನಾಟಿಕದ ಸುಂಕದ ಶಾಸನಗಳನ್ನು ಪಕ್ಕದಲ್ಲಿಟ್ಟುಕೊಂಡು ಹೋಲಿಸಿ ಓದಬಹುದು. ಅರ್ಥ ಸಂದಿಗ್ಧವೆಂದು ನಾವು ಬಿಟ್ಟು ಮುಂದೆ ಸಾಗಿದ ಪದಗಳಲ್ಲಿ ಕೆಲವಕ್ಕಾದರೂ ತಿಪಟೂರಿನ ಅಟ್ಟಗಳ ಕೆಳಗೆ ಕುಳಿತವರಿಂದ ಉತ್ತರ ದೊರೆತೀತು.