‘ಬುಸ್ಸ್’ ಸದ್ದಿನ ಹಿಂದೆ

ಬಸ್ಸು ನಿಂತಾಗ ಬರುವ ‘ಬುಸ್ಸ್’ ಸದ್ದು ಕೇಳಿದಾಗಲೆಲ್ಲ ನನಗೆ ಅಮೆರಿಕದ ಬ್ರೇಕ್‌ಮನ್‌ಗಳು ನೆನಪಾಗುತ್ತಾರೆ. ಓಡುವ ಗೂಡ್ಸ್ ರೈಲಿನ ಮೇಲೆ ನಡೆದು, ಡಬ್ಬಿಯಿಂದ ಡಬ್ಬಿಗೆ ದಾಟಿ ಅವರು ಕೈಚಕ್ರ ತಿರುಗಿಸಬೇಕಿತ್ತು. ಜಾರಿ ಬಿದ್ದು ಸತ್ತವರು ಅನೇಕರು.

1869ರಲ್ಲಿ ಜಾರ್ಜ್ ವೆಸ್ಟಿಂಗ್‌ಹೌಸ್ ಗಾಳಿಯ ಒತ್ತಡದ ಬ್ರೇಕಿಗೆ ಪೇಟೆಂಟ್ ಪಡೆದರು. ಆದರೆ ಕೊಳವೆ ಒಡೆದರೆ ಬ್ರೇಕೇ ಇಲ್ಲ! ಕೆಲವೇ ವರ್ಷಗಳಲ್ಲಿ ಅವರು ತರ್ಕವನ್ನೇ ತಿರುವಿದರು: ಕೊಳವೆಯಲ್ಲಿ ಒತ್ತಡವಿದ್ದರೆ ಚಕ್ರಕ್ಕೆ ಬಿಡುಗಡೆ, ಇಳಿದರೆ ಹಿಡಿತ. 1893ರಲ್ಲಿ ಅಮೆರಿಕದಲ್ಲಿ ರೈಲುಗಳಿಗೆ ಗಾಳಿ ಬ್ರೇಕ್ ಕಡ್ಡಾಯಗೊಳಿಸುವ ಕಾನೂನು ಬಂತು.

ಇಂದಿನ ಲಾರಿ, ಬಸ್ಸುಗಳಲ್ಲಿ ಪೆಡಲ್ ತುಳಿದಾಗ ಬ್ರೇಕ್ ಒತ್ತುವುದು ಗಾಳಿಯೇ. ಪಾರ್ಕಿಂಗ್ ಬ್ರೇಕಿನಲ್ಲಿ ಮಾತ್ರ ಬಲವಾದ ಸ್ಪ್ರಿಂಗನ್ನು ಗಾಳಿ ಅದುಮಿ ಹಿಡಿದಿರುತ್ತದೆ. ಗಾಳಿ ಸೋರಿಹೋದರೆ ಸ್ಪ್ರಿಂಗ್ ಚಾಚಿಕೊಂಡು ಬ್ರೇಕ್ ಬೀಳುತ್ತದೆ.

ಯಂತ್ರ ಎಂದಾದರೂ ಕೆಡುತ್ತದೆ. ಕೆಟ್ಟಾಗ ಅದು ಓಡಬೇಕೋ ನಿಲ್ಲಬೇಕೋ ಎಂದು ಮೊದಲೇ ತೀರ್ಮಾನಿಸಿದ್ದೇ ಈ ಚರಿತ್ರೆಯ ದೊಡ್ಡ ಪಾಠವೆಂದು ನನಗನ್ನಿಸುತ್ತದೆ.